ಗಾಳಿ ಹಿಡಿಯದ ಟೈರಿನ ಮುಂದೆ ಒಂದು 12 ವೋಲ್ಟಿನ ಪಂಪು

ಸುಸ್ಥಿತಿಯಲ್ಲಿರುವ ಟೈರಿಗೆ ಗಾಳಿ ತುಂಬಿಸುವುದು ಯಾವ ಪಂಪಿಗೂ ದೊಡ್ಡ ಕೆಲಸವಲ್ಲ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿ ನಡೆಸುವ ಸಣ್ಣ ಪಂಪೊಂದನ್ನು ಹದಿನಾಲ್ಕು ತಿಂಗಳು ಬಳಸಿದ ಮೇಲೆ ಅದರ ಗುಣದೋಷಗಳನ್ನು ಬರೆಯಲು ಕುಳಿತಿರುವ ನಾನು, ಅದು ಎಷ್ಟು ನಿಮಿಷದಲ್ಲಿ ಎಷ್ಟು ಗಾಳಿ ತುಂಬುತ್ತದೆ ಎಂಬುದಕ್ಕಿಂತ, ಟೈರು ಗಾಳಿಯನ್ನು ಒಳಗೆ ಬಿಟ್ಟುಕೊಳ್ಳದೆ ಹಟ ಹಿಡಿದಾಗ ಅದು ನನಗೆ ಏನನ್ನು ತಿಳಿಸಿತು ಎಂಬುದನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಈ ಅವಧಿಯಲ್ಲಿ ಅಂಥ ಸಂದರ್ಭ ಮೂರು ಬಾರಿ ಒದಗಿತು. ಮೊದಲ ಬಾರಿ ತಪ್ಪು ಪಂಪಿನದೇ ಆಗಿತ್ತು, ಎರಡನೆಯ ಬಾರಿ ವಾಲ್ವಿನದು, ಮೂರನೆಯ ಬಾರಿ ಟೈರಿನ ಅಂಚು ರಿಮ್ಮನ್ನು ಬಿಟ್ಟು ನಿಂತದ್ದು. ಮೂರರಲ್ಲೂ ಹೊರಗೆ ಕಂಡದ್ದು ಒಂದೇ ದೃಶ್ಯ: ಪಂಪು ಗಡಗಡನೆ ಸದ್ದು ಮಾಡುತ್ತಿದೆ, ಟೈರು ಮಾತ್ರ ಮೇಲೇಳುತ್ತಿಲ್ಲ.

ಒಂದೇ ಅಚ್ಚಿನ ಪಂಪುಗಳು ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ, ಹೆಸರಿಗಿಂತ ಭಾಗಗಳ ವಿವರವೇ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನನ್ನದು ಲೋಹದ ಮೈಯ, ಒಂದೇ ಪಿಸ್ಟನ್ನಿನ ಪಂಪು. ನಿಮಿಷಕ್ಕೆ 35 ಲೀಟರ್ ಗಾಳಿ ಕೊಡುತ್ತದೆಂದೂ ಗರಿಷ್ಠ 15 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆಂದೂ ಅದರ ಮೈಮೇಲೆ ಬರೆದಿದೆ. ನೆತ್ತಿಯ ಮೇಲೆ ಮುಳ್ಳಿನ ಗೇಜ್ ಇದೆ. ಅದರಲ್ಲಿ ಒತ್ತಡದ ಅಳತೆಗಳಾದ ಪಿಎಸ್‌ಐ ಮತ್ತು ಬಾರ್ ಎರಡರ ಗುರುತುಗಳೂ ಇವೆ. ಒಂದು ಬಾರ್ ಎಂದರೆ 14.5 ಪಿಎಸ್‌ಐ ಎಂಬ ಲೆಕ್ಕವನ್ನು ನೆನಪಿಟ್ಟುಕೊಂಡರೆ ಎರಡರಲ್ಲಿ ಯಾವುದನ್ನು ಓದಿದರೂ ನಡೆಯುತ್ತದೆ. ನಳಿಕೆಯ ತುದಿಯಲ್ಲಿ ಹೆಬ್ಬೆರಳಿನಿಂದ ಮಡಚಿ ಬಿಗಿಯುವ ಹಿಡಿಕೆಯ ನಾಝಲ್ ಇದೆ. ಜೊತೆಗೆ ಬಂದ ಚಿಕ್ಕ ಪೊಟ್ಟಣದಲ್ಲಿ, ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಇನ್ನೊಂದು ನಾಝಲ್ ಇತ್ತು. ಚೆಂಡಿಗೆ ಗಾಳಿ ತುಂಬುವ ಸೂಜಿಗಳ ನಡುವೆ ಅದನ್ನು ಯಾರೂ ಗಮನಿಸದ ಹಾಗೆ ಹಾಕಿದ್ದರು. ಈ ಪಂಪಿನ ಅತ್ಯುತ್ತಮ ಭಾಗ ಆ ಹಿತ್ತಾಳೆಯ ತುಂಡೇ ಎಂಬುದು ನನಗೆ ತಿಳಿಯಲು ಎರಡು ತಿಂಗಳು ಬೇಕಾದವು.

ವೇಗದ ಮಾತನ್ನು ಬೇಗ ಮುಗಿಸುತ್ತೇನೆ. 15 ಇಂಚಿನ ರಿಮ್ಮಿನ ಸಾಮಾನ್ಯ ಕಾರಿನ ಟೈರಿನ ಒಳಗೆ ಸುಮಾರು 30 ಲೀಟರಿನಷ್ಟು ಜಾಗವಿರುತ್ತದೆ. ಪೂರ್ತಿ ಇಳಿದ ಟೈರನ್ನು 33 ಪಿಎಸ್‌ಐಗೆ, ಅಂದರೆ ಸುಮಾರು 2.3 ಬಾರ್‌ಗೆ ಏರಿಸಬೇಕಾದರೆ ಹೊರಗಿನ ಗಾಳಿಯಲ್ಲಿ 70 ಲೀಟರಿನಷ್ಟನ್ನು ಒಳಗೆ ತುರುಕಬೇಕು. ಮೈಮೇಲೆ ಬರೆದಿರುವ 35 ಲೀಟರಿನ ಮಾತು ನಿಜವಾಗಿದ್ದರೆ ಎರಡು ನಿಮಿಷ ಸಾಕಾಗಬೇಕಿತ್ತು. ನನಗೆ ನಾಲ್ಕು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹಿಡಿಯಿತು. ಎದುರೊತ್ತಡವಿಲ್ಲದೆ ಬರಿದೇ ಗಾಳಿ ಊದುವಾಗಿನ ಪ್ರಮಾಣವನ್ನೇ ಇಂಥ ಪಂಪುಗಳ ಮೇಲೆ ಬರೆಯುವುದು ರೂಢಿಯಾದ್ದರಿಂದ ಇದನ್ನು ವಂಚನೆ ಎನ್ನಲಾರೆ, ಆದರೆ ಕೊಳ್ಳುವವರು ಆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ಓದಿಕೊಳ್ಳುವುದು ಒಳ್ಳೆಯದು. 25ರಿಂದ 33ಕ್ಕೆ ಏರಿಸುವ ದಿನನಿತ್ಯದ ಕೆಲಸಕ್ಕೆ ಒಂದೂವರೆ ನಿಮಿಷ ಸಾಕು. ವಿದ್ಯುತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಕೆಲವು ಕಾರುಗಳ ಸಾಕೆಟ್ಟಿನ ಫ್ಯೂಸು 10 ಆಂಪಿಯರಿನದಾಗಿರುತ್ತದೆ, ಅಂಥದ್ದಕ್ಕೆ ಈ ಪಂಪನ್ನು ಸಿಕ್ಕಿಸಿದರೆ ಫ್ಯೂಸು ಹೋಗಬಹುದು. ಪಂಪು ನಡೆಯುವಾಗ ಬ್ಯಾಟರಿ ಇಳಿಯದಿರಲೆಂದು ಎಂಜಿನ್ ಚಾಲೂ ಇಡಬೇಕಾಗುತ್ತದೆ, ಎಂಜಿನ್ ಚಾಲೂ ಇರುವಾಗ ಕಾರು ಮುಚ್ಚಿದ ಶೆಡ್ಡಿನೊಳಗೆ ಇರಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟೈರು ಗಾಳಿ ಹಿಡಿಯುತ್ತಿಲ್ಲ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ದೂರುಗಳಿವೆ. ಗಾಳಿ ಒಳಗೆ ಹೋಗುತ್ತಲೇ ಇಲ್ಲ ಎಂಬುದು ಒಂದು, ಹೋದ ಗಾಳಿ ಹೋದಷ್ಟೇ ವೇಗವಾಗಿ ಹೊರಗೆ ಬರುತ್ತಿದೆ ಎಂಬುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಗೇಜಿನ ಮುಳ್ಳು ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುತ್ತದೆ. ದಾರಿ ಮುಚ್ಚಿದ್ದರೆ, ಪಂಪಿನ ಗಾಳಿಗೆಲ್ಲ ನಳಿಕೆಯ ಒಳಗಿನ ಪುಟ್ಟ ಜಾಗವೇ ಗತಿಯಾಗುವುದರಿಂದ, ಮುಳ್ಳು ಒಂದೆರಡು ಸೆಕೆಂಡಿನಲ್ಲೇ 50, 60ಕ್ಕೆ ಜಿಗಿಯುತ್ತದೆ ಮತ್ತು ಮೋಟಾರಿನ ದನಿ ಭಾರವಾಗಿ ಕುಸಿಯುತ್ತದೆ. ಗಾಳಿ ಸೋರಿಹೋಗುತ್ತಿದ್ದರೆ ಮುಳ್ಳು ಸೊನ್ನೆಯ ಆಸುಪಾಸಿನಲ್ಲೇ ನಡುಗುತ್ತಿರುತ್ತದೆ, ಮೋಟಾರು ಹೊರೆಯೇ ಇಲ್ಲದಂತೆ ಹಗುರವಾಗಿ ಓಡುತ್ತದೆ, ಎಲ್ಲಿಂದಲೋ ಸುಯ್ಯೆಂಬ ಸದ್ದು ಬರುತ್ತಿರುತ್ತದೆ. ಪಂಪನ್ನು ಚಾಲೂ ಮಾಡುವುದಕ್ಕೂ ಮೊದಲು ಮುಳ್ಳು ಇನ್ನೊಂದು ಮಾತನ್ನು ಹೇಳುತ್ತದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ನಳಿಕೆಯನ್ನು ವಾಲ್ವಿಗೆ ಸರಿಯಾಗಿ ಕೂರಿಸಿದ ತಕ್ಷಣ, ಟೈರಿನಲ್ಲಿ ಉಳಿದಿರುವ ಒತ್ತಡವೆಷ್ಟೋ ಅಷ್ಟಕ್ಕೆ ಮುಳ್ಳು ತಾನಾಗಿಯೇ ಏರಬೇಕು. ಟೈರಿನಲ್ಲಿ ಗಾಳಿ ಇರುವುದು ಕಾಣುತ್ತಿದ್ದರೂ ಮುಳ್ಳು ಸೊನ್ನೆಯಲ್ಲೇ ನಿಂತಿದ್ದರೆ, ನಳಿಕೆಗೂ ಟೈರಿನ ಒಳಗಿಗೂ ನಡುವೆ ಸಂಪರ್ಕವೇ ಏರ್ಪಟ್ಟಿಲ್ಲವೆಂದು ತಿಳಿಯಬೇಕು. ಪಂಪಿನ ಮೇಲೆಯೇ ಅನುಮಾನ ಬಂದರೆ ಅದನ್ನು ಪಕ್ಕದ ಚಕ್ರಕ್ಕೆ ಹಾಕಿ ನೋಡುವುದು ಅತ್ಯಂತ ಸರಳ ಪರೀಕ್ಷೆ. ಅಲ್ಲಿ ಮುಳ್ಳು 31 ಎಂದೋ 32 ಎಂದೋ ತೋರಿಸಿ, ಪಂಪು ಚಾಲೂ ಆದಾಗ ನಿಧಾನವಾಗಿ ಮೇಲೇರಿದರೆ, ಪಂಪಿನಲ್ಲಿ ದೋಷವಿಲ್ಲ.

ಈ ಪರೀಕ್ಷೆ ಮೊದಲೇ ಗೊತ್ತಿದ್ದಿದ್ದರೆ ಮೊದಲ ಬಾರಿ ನಾನು ಅರ್ಧ ಗಂಟೆಯ ಕಾಲ ಟೈರನ್ನು ಬೈಯುತ್ತ ಕೂರಬೇಕಾಗಿರಲಿಲ್ಲ. ಹಿಂದಿನ ಬಲಬದಿಯ ಟೈರು 26 ಪಿಎಸ್‌ಐ ಇತ್ತು. ಹಿಡಿಕೆಯ ನಾಝಲನ್ನು ಸಿಕ್ಕಿಸಿ, ಮಡಚಿ, ಮೂರು ನಿಮಿಷ ಪಂಪು ನಡೆಸಿದ ಮೇಲೆ ಬೇರೊಂದು ಗೇಜಿನಿಂದ ಅಳೆದರೆ 22ಕ್ಕೆ ಇಳಿದಿತ್ತು. ನಾನು ಗಾಳಿ ತುಂಬಿಸುತ್ತಿರಲಿಲ್ಲ, ಇದ್ದುದನ್ನು ಹೊರಗೆ ಬಿಡುತ್ತಿದ್ದೆ. ನಾಝಲಿನ ಒಳಗಿರುವ ಚಿಕ್ಕ ರಬ್ಬರ್ ಬಳೆ ವಾಲ್ವಿನ ಬಾಯಿಗೆ ಬಿಗಿಯಾಗಿ ಕೂರದಿದ್ದರೆ ಹೀಗಾಗುತ್ತದೆ: ನಾಝಲಿನ ಗೂಟ ವಾಲ್ವನ್ನೇನೋ ಒತ್ತಿ ತೆರೆಯುತ್ತದೆ, ಆದರೆ ಟೈರಿನ ಗಾಳಿ ಮತ್ತು ಪಂಪಿನ ಗಾಳಿ ಎರಡೂ ರಬ್ಬರಿನ ಪಕ್ಕದಿಂದ ನುಸುಳಿ ಹೋಗುತ್ತವೆ. ಸೋಪಿನ ನೀರನ್ನು ಹಚ್ಚಿದಾಗ ನಾಝಲಿನ ಕುತ್ತಿಗೆಯ ಸುತ್ತ ನೊರೆ ಉಕ್ಕಿತು. ಹೊಸ ಪಂಪಿನಲ್ಲೇ ಆ ರಬ್ಬರು ಸರಿಯಾಗಿರಲಿಲ್ಲವೆಂಬುದು ಈ ಉತ್ಪನ್ನದ ಮೇಲೆ ನನಗಿರುವ ಅತಿ ದೊಡ್ಡ ಆಕ್ಷೇಪ. ಅದಲ್ಲದೆ, ಹಿಡಿಕೆಯ ನಾಝಲನ್ನು ಸ್ವಲ್ಪ ಕಡಿಮೆ ಒತ್ತಿ ಮಡಚಿದರೆ ಗೂಟವು ವಾಲ್ವಿನ ಕಡ್ಡಿಯನ್ನು ಮುಟ್ಟುವುದೇ ಇಲ್ಲ, ಹೆಚ್ಚು ಬಲ ಹಾಕಿ ಓರೆಯಾಗಿ ಒತ್ತಿದರೆ ರಬ್ಬರಿನ ವಾಲ್ವು ಬುಡದಲ್ಲಿ ಬಾಗಿ ಇನ್ನೊಂದು ತೊಂದರೆಗೆ ದಾರಿಯಾಗುತ್ತದೆ. ಪೊಟ್ಟಣದಲ್ಲಿದ್ದ ಹಿತ್ತಾಳೆಯ ನಾಝಲನ್ನು ಅಂದು ಹುಡುಕಿ ತೆಗೆದು, ವಾಲ್ವಿನ ತಿರುಪಿನ ಮೇಲೆ ತಿರುಗಿಸಿ ಕೂರಿಸಿದೆ. ಮುಳ್ಳು ತಕ್ಷಣ 22ರ ಗುರುತಿಗೆ ಬಂದು ನಿಂತಿತು. ತಿರುಪಿನ ನಾಝಲಿಗೂ ಎರಡು ಕೊರತೆಗಳಿವೆ. ಬಿಚ್ಚುವಾಗ ಒಂದು ಕ್ಷಣ ಗಾಳಿ ಚಿಮ್ಮಿ ಒತ್ತಡ ಸ್ವಲ್ಪ ಇಳಿಯುತ್ತದೆ, ಮತ್ತು ನಾಲ್ಕೈದು ನಿಮಿಷ ಪಂಪು ನಡೆದ ಮೇಲೆ ಹಿತ್ತಾಳೆ ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಬೇಕಾದ ಮಟ್ಟಕ್ಕಿಂತ ಒಂದು ಪಿಎಸ್‌ಐ ಹೆಚ್ಚು ತುಂಬಿಸಿ, ಕೈಗೆ ಬಟ್ಟೆ ಹಿಡಿದು ಬಿಚ್ಚಿದರೆ ಎರಡೂ ಸಮಸ್ಯೆಗಳು ಬಗೆಹರಿಯುತ್ತವೆ.

ಎರಡನೆಯ ಪ್ರಸಂಗ ಹೆಚ್ಚು ಸ್ವಾರಸ್ಯದ್ದು, ಅದನ್ನು ಹೇಳಬೇಕಾದರೆ ವಾಲ್ವಿನ ಒಳಗನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಕಾರಿನ ಟೈರುಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು 1893ರಲ್ಲಿ ಪೇಟೆಂಟ್ ಪಡೆದ ಶ್ರೇಡರ್ ವಾಲ್ವು. ಹೊರಗೆ ಕಾಣುವುದು ಬರಿಯ ಕೊಳವೆ. ಕೆಲಸ ಮಾಡುವುದು ಅದರ ಒಳಗೆ ತಿರುಗಿಸಿ ಕೂರಿಸಿರುವ, ಬೆರಳಿನ ಗೆಣ್ಣಿನಷ್ಟು ಉದ್ದವೂ ಇಲ್ಲದ ವಾಲ್ವ್ ಪಿನ್. ಪಿನ್ನಿನ ನಡುವೆ ಒಂದು ಸಪೂರ ಕಡ್ಡಿ, ಅದಕ್ಕೊಂದು ಸ್ಪ್ರಿಂಗು, ತಳದಲ್ಲಿ ಒಂದು ಪುಟ್ಟ ಬಿರಡೆ ಇರುತ್ತವೆ. ಕಡ್ಡಿಯನ್ನು ಒತ್ತಿದರೆ ಬಿರಡೆ ಕೆಳಗಿಳಿದು ದಾರಿ ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗು ಮತ್ತು ಟೈರಿನ ಗಾಳಿ ಎರಡೂ ಸೇರಿ ಬಿರಡೆಯನ್ನು ಮೇಲಕ್ಕೊತ್ತಿ ದಾರಿ ಮುಚ್ಚುತ್ತವೆ. ಇಷ್ಟು ಸಣ್ಣ ಯಂತ್ರದಲ್ಲಿ ಕೆಡುವುದಕ್ಕೆ ಏನಿದೆ ಎಂದು ಅನ್ನಿಸಬಹುದು. ಆದರೆ ಧೂಳು, ತುಕ್ಕು, ಒಣಗಿದ ಅಂಟು, ಬಾಗಿದ ಕಡ್ಡಿ, ಸವೆದ ಬಿರಡೆ ಇವುಗಳಲ್ಲಿ ಯಾವುದೊಂದಿದ್ದರೂ ಟೈರು ಗಾಳಿ ಹಿಡಿಯದಿರಲು ಸಾಕು.

ನನ್ನ ಕಾರಿನ ಮುಂದಿನ ಎಡಬದಿಯ ಟೈರಿಗೆ ಹಿಂದೊಮ್ಮೆ ಮೊಳೆ ಚುಚ್ಚಿದಾಗ, ವಾಲ್ವಿನ ಮೂಲಕ ಒಳಗೆ ಬಿಡುವ ಸೀಲೆಂಟ್ ದ್ರವವನ್ನು ಬಳಸಿದ್ದೆ. ಆಮೇಲೆ ಒಳಗಿನಿಂದ ಪ್ಯಾಚ್ ಹಾಕಿಸಿದ್ದರೂ ವಾಲ್ವನ್ನಾಗಲಿ ಪಿನ್ನನ್ನಾಗಲಿ ಯಾರೂ ಬದಲಿಸಿರಲಿಲ್ಲ. ಕೆಲವು ತಿಂಗಳುಗಳ ನಂತರ ಟೈರು ಕಣ್ಣಿಗೆ ಕಾಣುವಷ್ಟು ಮೆತ್ತಗಾಗಿತ್ತು. ಹಿತ್ತಾಳೆಯ ನಾಝಲನ್ನು ತಿರುಗಿಸಿ ಕೂರಿಸಿದೆ; ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಪಂಪು ಚಾಲೂ ಮಾಡಿದರೆ ಎರಡೇ ಸೆಕೆಂಡಿನಲ್ಲಿ 60 ದಾಟಿತು. ಪಕ್ಕದ ಚಕ್ರಕ್ಕೆ ಹಾಕಿದಾಗ ಶಾಂತವಾಗಿ 31 ತೋರಿಸಿತು. ಇಷ್ಟಾದ ಮೇಲೆ ಅನುಮಾನಕ್ಕೆ ಎಡೆಯೇ ಇರಲಿಲ್ಲ, ದಾರಿ ಮುಚ್ಚಿರುವುದು ವಾಲ್ವಿನ ಒಳಗೇ. ಪಿನ್ನಿನ ಕಡ್ಡಿಯನ್ನು, ಪಿನ್ ಬಿಚ್ಚಲು ಬಳಸುವ ಪುಟ್ಟ ಕೀಲಿಯ ಹಿಂತುದಿಯಿಂದ ಒತ್ತಿದರೆ ಅದು ಅಂಟಿನಲ್ಲಿ ಸಿಕ್ಕಿಕೊಂಡಂತೆ ನಿಧಾನವಾಗಿ ಇಳಿದು, ನಿಧಾನವಾಗಿಯೇ ಮೇಲೆ ಬಂತು. ಗಾಳಿಯ ಸದ್ದು ಬರಲಿಲ್ಲ.

ವಾಲ್ವ್ ಪಿನ್ ಬಿಚ್ಚುವುದು ಕಷ್ಟದ ಕೆಲಸವಲ್ಲ, ಆದರೆ ಉದಾಸೀನದಿಂದ ಮಾಡುವ ಕೆಲಸವೂ ಅಲ್ಲ. ಪಿನ್ ಹೊರಬಂದ ಕೂಡಲೇ ಟೈರಿನ ಗಾಳಿಯೆಲ್ಲ ಖಾಲಿಯಾಗುವುದರಿಂದ, ಕಾರಿನ ಭಾರಕ್ಕೆ ಟೈರು ಚಪ್ಪಟೆಯಾಗಿ ಅದರ ಅಂಚು ರಿಮ್ಮನ್ನು ಬಿಡದಿರಲೆಂದು ಮೊದಲು ಆ ಚಕ್ರವನ್ನು ಜಾಕಿನ ಮೇಲೆ ಎತ್ತಿದೆ. ಸಮತಟ್ಟಾದ ಗಟ್ಟಿ ನೆಲ, ಎಳೆದ ಹ್ಯಾಂಡ್‌ಬ್ರೇಕು, ಎದುರಿನ ಚಕ್ರಕ್ಕೆ ಅಡ್ಡಗಲ್ಲು, ಇಷ್ಟಿಲ್ಲದೆ ಜಾಕನ್ನು ನಂಬಬಾರದು. ಪಿನ್ನನ್ನು ಎಡಕ್ಕೆ ತಿರುಗಿಸುವಾಗ ಮುಖವನ್ನು ವಾಲ್ವಿನ ನೇರಕ್ಕೆ ಇಟ್ಟುಕೊಳ್ಳಬಾರದು, ಏಕೆಂದರೆ ಕೊನೆಯ ಸುತ್ತು ಕಳಚಿದಾಗ ಒಳಗಿನ ಒತ್ತಡಕ್ಕೆ ಅದು ಗುಂಡಿನಂತೆ ಸಿಡಿಯಬಹುದು. ನನ್ನದು ಸಿಡಿಯಲಿಲ್ಲ, ಒಣಗಿದ ಸೀಲೆಂಟಿನ ಹಸಿರು ಚೂರುಗಳೊಂದಿಗೆ ಅಂಟಂಟಾಗಿ ಹೊರಬಂತು, ಅದರ ಹಿಂದೆಯೇ ಗಾಳಿ ಭುಸ್ಸೆಂದು ಬಂದು ಉಳಿದ ಕಸವನ್ನೂ ಹೊರಗೆ ತಳ್ಳಿತು. ಹೊಸ ಪಿನ್ ಹಾಕಿ, ಬೆರಳುಗಳಿಂದ ತಿರುಗಿಸಿದಾಗ ತಡೆ ಸಿಕ್ಕ ಮೇಲೆ ಇನ್ನು ಸ್ವಲ್ಪವೇ ಬಿಗಿದೆ; ಹೆಚ್ಚು ಬಿಗಿದರೆ ಅದರ ಸುತ್ತಲಿನ ಮೆತ್ತನೆಯ ಸೀಲು ಹಾಳಾಗುತ್ತದೆ. ಪಂಪು ಅದೇ ಟೈರನ್ನು ಸೊನ್ನೆಯಿಂದ 33ಕ್ಕೆ ಒಂದೇ ಉಸಿರಿಗೆ ಏರಿಸಿತು. ಇಷ್ಟು ಅಗ್ಗದ, ಇಷ್ಟು ಪುಟ್ಟ ಕೀಲಿಯನ್ನು ಪಂಪಿನ ಪೊಟ್ಟಣದಲ್ಲಿ ಇಡದೆ, ಚೆಂಡಿನ ಸೂಜಿಯನ್ನು ಮಾತ್ರ ಮೂರು ಇಟ್ಟವರ ವಿವೇಚನೆ ನನಗೆ ಇಂದಿಗೂ ಅರ್ಥವಾಗಿಲ್ಲ.

ಇಲ್ಲಿ ಒಂದು ಹೋಲಿಕೆ ಹೇಳಲೇಬೇಕು. ಅದೇ ದಿನ ಸ್ನೇಹಿತರೊಬ್ಬರ ಬ್ಯಾಟರಿ ಪಂಪನ್ನೂ ಹಳೆಯ ಪಿನ್ನಿದ್ದಾಗಲೇ ಆ ಟೈರಿಗೆ ಹಾಕಿ ನೋಡಿದ್ದೆ. ಅದು ಬೇಕಾದ ಒತ್ತಡವನ್ನು ಮೊದಲೇ ನಿಗದಿಮಾಡಿದರೆ ತಾನಾಗಿ ನಿಲ್ಲುವ ಬಗೆಯದು. 33 ಎಂದು ಒತ್ತಿದೆವು. ಒಂದು ಕ್ಷಣ ಗುರ್ರೆಂದು, ಪರದೆಯ ಮೇಲೆ 33 ತೋರಿಸಿ, ಕೆಲಸ ಮುಗಿಯಿತೆಂಬಂತೆ ನಿಂತುಬಿಟ್ಟಿತು. ಟೈರು ಇದ್ದ ಹಾಗೆಯೇ ಇತ್ತು. ಅದು ಸುಳ್ಳು ಹೇಳಿದ್ದಲ್ಲ. ಅದು ಅಳೆಯುವುದು ನಳಿಕೆಯ ಒಳಗಿನ ಒತ್ತಡವನ್ನು, ಅಲ್ಲಿ ನಿಜವಾಗಿಯೂ 33 ಇತ್ತು. ಆದರೆ ಸಂಖ್ಯೆಯನ್ನಷ್ಟೇ ಓದಿ ಹೊರಡುವವರು ಮೆತ್ತನೆಯ ಟೈರಿನಲ್ಲೇ ಹೊರಡುತ್ತಾರೆ. ಮುಳ್ಳಿನ ಗೇಜಿನಲ್ಲಿ ಒತ್ತಡ ಏರುವ ವೇಗ ಕಣ್ಣಿಗೆ ಕಾಣುವುದರಿಂದ, ಒಂದೂವರೆ ನಿಮಿಷ ಹಿಡಿಯಬೇಕಾದ ಕೆಲಸ ಎರಡು ಸೆಕೆಂಡಿನಲ್ಲಿ ಆದಾಗ ಏನೋ ತಪ್ಪಿದೆಯೆಂದು ತಕ್ಷಣ ಹೊಳೆಯುತ್ತದೆ. ತಾನಾಗಿ ನಿಲ್ಲುವ ಪಂಪು ಉಳ್ಳವರು ಅದು ನಿಲ್ಲಲು ತೆಗೆದುಕೊಂಡ ಸಮಯವನ್ನು ಗಮನಿಸಬೇಕು, ಅದು ತೋರಿಸಿದ ಅಂಕಿಯನ್ನು ಮಾತ್ರವಲ್ಲ. ನನ್ನ ಪಂಪು ತಾನಾಗಿ ನಿಲ್ಲದಿರುವುದನ್ನು ಕೊಳ್ಳುವಾಗ ಕೊರತೆಯೆಂದು ಎಣಿಸಿದ್ದೆ, ಈಗ ಹಾಗೆ ಎಣಿಸುವುದಿಲ್ಲ.

ವಾಲ್ವಿನ ಬೇರೆ ತೊಂದರೆಗಳು ನನ್ನ ಅನುಭವಕ್ಕೆ ಅಷ್ಟಾಗಿ ಬಂದಿಲ್ಲವಾದರೂ ಪಂಪು ಕೊಳ್ಳುವವರು ತಿಳಿದಿರಬೇಕು. ರಬ್ಬರಿನ ವಾಲ್ವು ವರ್ಷಗಳು ಕಳೆದಂತೆ ಬುಡದಲ್ಲಿ ಬಿರುಕು ಬಿಡುತ್ತದೆ. ನೆಟ್ಟಗೆ ನಿಂತಿರುವಾಗ ಸೋರದೆ, ಭಾರವಾದ ನಾಝಲ್ ತೂಗಿ ಬಾಗಿದಾಗ ಮಾತ್ರ ಸೋರುವುದರಿಂದ, ಪಂಪು ಹಾಕಿದಾಗಲೆಲ್ಲ ಗಾಳಿ ಹೋಗುತ್ತದೆಯೆಂಬ ವಿಚಿತ್ರ ದೂರಿಗೆ ಇದೇ ಕಾರಣವಾಗಿರುತ್ತದೆ. ಅದಕ್ಕೆ ವಾಲ್ವನ್ನೇ ಬದಲಿಸಬೇಕು, ಪಿನ್ನನ್ನಲ್ಲ. ಪ್ಲಾಸ್ಟಿಕ್ಕಿನ ವೀಲ್ ಕವರ್ ಸ್ವಲ್ಪ ತಿರುಗಿ ವಾಲ್ವನ್ನು ಒಂದು ಪಕ್ಕಕ್ಕೆ ತಳ್ಳಿದ್ದರೆ ನಾಝಲ್ ನೇರವಾಗಿ ಕೂರುವುದಿಲ್ಲ. ಕವರನ್ನು ತೆಗೆದು ಕೂರಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಟೈರಿನ ಒತ್ತಡವನ್ನು ತಾನೇ ತಿಳಿಸುವ ಸೆನ್ಸರ್ ಇರುವ ಕಾರುಗಳಲ್ಲಿ ವಾಲ್ವಿನ ಕೊಳವೆ ಅನೇಕ ವೇಳೆ ಅಲ್ಯುಮಿನಿಯಮ್ಮಿನದಾಗಿರುತ್ತದೆ. ಅದಕ್ಕೆ ನಿಕ್ಕಲ್ ಲೇಪಿಸಿದ ಪಿನ್ನನ್ನೇ ಹಾಕಬೇಕು. ಬರಿಯ ಹಿತ್ತಾಳೆಯ ಪಿನ್ನು ಅಥವಾ ಅಂದಕ್ಕೆಂದು ಹಾಕಿದ ಲೋಹದ ಕ್ಯಾಪು ತೇವ ಮತ್ತು ಉಪ್ಪಿನ ಸಂಪರ್ಕದಲ್ಲಿ ಅಲ್ಯುಮಿನಿಯಮ್ಮಿನೊಂದಿಗೆ ಕಚ್ಚಿಕೊಂಡು ಕೂತರೆ, ಬಿಚ್ಚುವ ಪ್ರಯತ್ನದಲ್ಲಿ ಕೊಳವೆಯೇ ಮುರಿಯಬಹುದು. ನನ್ನ ಪಂಪಿನ ಹಿತ್ತಾಳೆಯ ನಾಝಲನ್ನೂ ಅಂಥ ವಾಲ್ವಿನ ಮೇಲೆ ಬಿಟ್ಟು ಹೋಗಬಾರದು, ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಕೊರೆಯುವ ಚಳಿಯಲ್ಲಿ ಕ್ಯಾಪಿಲ್ಲದ ವಾಲ್ವಿನ ಒಳಗೆ ನೀರು ಹೆಪ್ಪುಗಟ್ಟಿ ಕಡ್ಡಿ ಸಿಕ್ಕಿಕೊಳ್ಳುವುದೂ ಉಂಟು.

ಮೂರನೆಯ ಪ್ರಸಂಗದಲ್ಲಿ ಪಂಪಿನ ಮಿತಿ ಗೊತ್ತಾಯಿತು. ಡಿಕ್ಕಿಯಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದೆ ಬಿದ್ದಿದ್ದ ಸ್ಟೆಪ್ನಿಯನ್ನು ಹೊರತೆಗೆದು ಗಾಳಿ ಹಾಕಲು ಹೋದರೆ ಮುಳ್ಳು ಸೊನ್ನೆಯಲ್ಲೇ ನಡುಗುತ್ತಿತ್ತು, ಸುಯ್ಯೆಂಬ ಸದ್ದು ಒಂದು ಕಡೆಯಿಂದಲ್ಲ, ರಿಮ್ಮಿನ ಸುತ್ತಲಿನಿಂದಲೂ ಬರುತ್ತಿತ್ತು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಟೈರಿನ ಅಂಚು, ಅಂದರೆ ಬೀಡು, ರಿಮ್ಮಿನ ಏಣಿನ ಮೇಲೆ ಬಿಗಿಯಾಗಿ ಒತ್ತಿ ಕೂತಿರುವ ಗೆರೆ. ಆ ಬಿಗಿತಕ್ಕೆ ಆಧಾರ ಒಳಗಿನ ಒತ್ತಡವೇ. ಒತ್ತಡ ಪೂರ್ತಿ ಹೋದಾಗ ಬೀಡು ಜಾರಿ ಒಳಗಿನ ತಗ್ಗಿಗೆ ಬೀಳುತ್ತದೆ; ಮತ್ತೆ ಅದನ್ನು ಏಣಿಗೆ ತರಲು ಒತ್ತಡ ಬೇಕು, ಒತ್ತಡ ಉಂಟಾಗಲು ಅದು ಏಣಿನ ಮೇಲಿರಬೇಕು. ಈ ಸುಳಿಯಿಂದ ಹೊರಬರಲು ಟೈರು ಅಂಗಡಿಯವರು ದೊಡ್ಡ ಟ್ಯಾಂಕಿನ ಗಾಳಿಯನ್ನು ಒಂದೇ ಸಲಕ್ಕೆ ನುಗ್ಗಿಸುತ್ತಾರೆ. ನಿಮಿಷಕ್ಕೆ ಹದಿನೇಳು ಹದಿನೆಂಟು ಲೀಟರ್ ಕೊಡುವ ಪಂಪು, ತೂತು ಬಿದ್ದ ಕೊಡಕ್ಕೆ ಚಮಚದಲ್ಲಿ ನೀರು ಹಾಕಿದಂತೆ, ಎಷ್ಟು ಹೊತ್ತು ನಡೆದರೂ ಪ್ರಯೋಜನವಿಲ್ಲ.

ಆದರೂ ಪ್ರಯತ್ನಿಸಿ ನೋಡಿದೆ, ಏಕೆಂದರೆ ಒಂದೇ ಬದಿಯ ಬೀಡು ಮಾತ್ರ ಜಾರಿತ್ತು. ರಿಮ್ಮಿನ ಏಣನ್ನು ಬಟ್ಟೆಯಿಂದ ಒರೆಸಿ, ಬೀಡಿನ ಸುತ್ತ ಗಟ್ಟಿ ಸೋಪಿನ ನೀರು ಹಚ್ಚಿ, ವಾಲ್ವ್ ಪಿನ್ನನ್ನು ಬಿಚ್ಚಿಟ್ಟೆ. ಪಿನ್ನಿಲ್ಲದ ಕೊಳವೆಯಲ್ಲಿ ಗಾಳಿ ತಡೆಯಿಲ್ಲದೆ ಹೋಗುತ್ತದೆ. ಸಾಮಾನು ಕಟ್ಟುವ ಬಿಗಿಪಟ್ಟಿಯೊಂದನ್ನು ಟೈರಿನ ನೆಲ ಮುಟ್ಟುವ ಮೈಯ ಸುತ್ತ ಹಾಕಿ ಬಿಗಿದಾಗ, ನಡು ಒಳಕ್ಕೆ ಕುಗ್ಗಿ ಅಂಚುಗಳು ಹೊರಕ್ಕೆ ಚಾಚಿದವು. ಮೊದಲ ಯತ್ನ ಕೂಡಿಬರಲಿಲ್ಲ. ಪಟ್ಟಿಯನ್ನು ಇನ್ನಷ್ಟು ಬಿಗಿದು, ಸಂದು ಕಂಡ ಕಡೆ ಟೈರನ್ನು ಮೇಲಿನಿಂದ ಅದುಮಿ ಹಿಡಿದಾಗ ಮುಳ್ಳು ಮೊದಲ ಬಾರಿಗೆ ಸೊನ್ನೆಯನ್ನು ಬಿಟ್ಟೆದ್ದಿತು. ಅಲ್ಲಿಗೆ ಕೈ ಹಿಂತೆಗೆದು, ಪಟ್ಟಿಯನ್ನು ಸಡಿಲಿಸಿ, ದೂರ ನಿಂತೆ. 20 ದಾಟಿದ ಮೇಲೆ ಠಪ್ಪೆಂದು ಬೀಡು ಏಣಿಗೆ ಬಂದು ಕೂತಿತು. ಬೀಡು ಕೂರಿಸುವಾಗ 40 ಪಿಎಸ್‌ಐ ಮೀರಬಾರದೆಂಬ ಎಚ್ಚರಿಕೆಯನ್ನು ಟೈರು ತಯಾರಕರೇ ಕೊಡುತ್ತಾರೆ. ಅಷ್ಟರಲ್ಲಿ ಕೂರದಿದ್ದರೆ ಗಾಳಿ ಬಿಟ್ಟು, ಕಾರಣ ಹುಡುಕಿ, ಮೊದಲಿನಿಂದ ಆರಂಭಿಸಬೇಕು. ಬೆರಳು ಎಂದಿಗೂ ಬೀಡಿಗೂ ರಿಮ್ಮಿಗೂ ನಡುವೆ ಇರಬಾರದು. ಉರಿಯುವ ದ್ರವವನ್ನು ಸಿಂಪಡಿಸಿ ಬೆಂಕಿ ಹಚ್ಚಿ ಬೀಡು ಕೂರಿಸುವ ಸಾಹಸವನ್ನು ಕೆಲವರು ತೋರಿಸುವುದುಂಟು. ಟೈರು ಸಿಡಿದು ಪ್ರಾಣ ತೆಗೆಯಬಲ್ಲ ಆ ಕೆಲಸವನ್ನು ನಾನು ದೂರದಿಂದಲೂ ನೋಡಲಾರೆ. ನನ್ನ ಸ್ಟೆಪ್ನಿ ಗಾಳಿಯೇನೋ ಹಿಡಿಯಿತು, ಆದರೆ ಎರಡು ದಿನದಲ್ಲಿ ಐದು ಪಿಎಸ್‌ಐ ಕಳೆದುಕೊಂಡಿತು. ಅಂಗಡಿಯಲ್ಲಿ ಬಿಚ್ಚಿಸಿ ನೋಡಿದಾಗ ಬೀಡು ಕೂರುವ ಜಾಗದಲ್ಲೆಲ್ಲ ತುಕ್ಕಿನ ಚಕ್ಕೆಗಳಿದ್ದವು. ಅವರು ಅದನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತೆಗೆದ ಮೇಲೆ ಸೋರಿಕೆ ನಿಂತಿತು.

ಪಂಪು ಕೈಯಲ್ಲಿದೆಯೆಂಬ ಧೈರ್ಯ ಒಂದು ಸಂದರ್ಭದಲ್ಲಿ ಅಪಾಯಕಾರಿ. ಗಾಳಿ ಪೂರ್ತಿ ಇಳಿದ ಟೈರಿನ ಮೇಲೆ ಕಾರನ್ನು ಓಡಿಸಿಬಿಟ್ಟಿದ್ದರೆ, ಟೈರಿನ ಪಕ್ಕದ ಮೈ, ಅಂದರೆ ಸೈಡ್‌ವಾಲ್, ರಿಮ್ಮಿಗೂ ರಸ್ತೆಗೂ ನಡುವೆ ಅರೆದುಹೋಗಿ ಒಳಗಿನ ದಾರದ ಪದರಗಳು ಸಡಿಲವಾಗಿರುತ್ತವೆ. ಹೊರಗಿನಿಂದ ಸೈಡ್‌ವಾಲಿನ ಸುತ್ತ ಉಜ್ಜಿದ ಗೆರೆ ಮಾತ್ರ ಕಾಣಬಹುದು, ಒಳಗೆ ರಬ್ಬರಿನ ಪುಡಿ ಸುರಿದಿರುತ್ತದೆ. ಅಂಥ ಟೈರು ಗಾಳಿ ಹಿಡಿದರೂ ಅದಕ್ಕೆ ಗಾಳಿ ಹಾಕಬಾರದು; ಬಿಚ್ಚಿ ಒಳಗನ್ನು ನೋಡಿದ ಮೇಲಷ್ಟೇ ತೀರ್ಮಾನಿಸಬೇಕು. ಸೈಡ್‌ವಾಲ್ ಉಬ್ಬಿದ್ದರೆ ಅಥವಾ ತಂತಿ ಕಾಣುತ್ತಿದ್ದರೆ ನೋಡುವ ಅಗತ್ಯವೂ ಇಲ್ಲ.

ಗೇಜಿನ ನಿಖರತೆಯನ್ನು ಬೇರೊಂದು ಗೇಜಿನೊಂದಿಗೆ ಹಲವು ಬಾರಿ ಹೋಲಿಸಿದ್ದೇನೆ. ಪಂಪು ನಿಂತಿರುವಾಗ ಎರಡಕ್ಕೂ ಒಂದು ಪಿಎಸ್‌ಐಗಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಪಂಪು ನಡೆಯುತ್ತಿರುವಾಗ ಮಾತ್ರ ಅದು ಎರಡು ಮೂರು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಏಕೆಂದರೆ ಗಾಳಿಯನ್ನು ಕಿರಿದಾದ ನಳಿಕೆಯಲ್ಲಿ ತಳ್ಳಲು ಅಷ್ಟು ಹೆಚ್ಚಿನ ಒತ್ತಡ ಬೇಕಾಗುತ್ತದೆ. ಆದ್ದರಿಂದ ಸ್ವಿಚ್ಚನ್ನು ಆರಿಸಿ ಮುಳ್ಳು ನಿಂತ ಮೇಲೆ ಓದಬೇಕು. ತುಂಬಿಸಬೇಕಾದ ಒತ್ತಡವನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಾಗಲಿ ಕಾರಿನ ಕೈಪಿಡಿಯಲ್ಲಾಗಲಿ ನೋಡಬೇಕೇ ಹೊರತು ಟೈರಿನ ಸೈಡ್‌ವಾಲಿನಲ್ಲಲ್ಲ. ಅಲ್ಲಿರುವುದು ಟೈರು ತಾಳಬಲ್ಲ ಗರಿಷ್ಠ ಒತ್ತಡ. ಹತ್ತು ಡಿಗ್ರಿ ಸೆಲ್ಸಿಯಸ್ ತಾಪ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುವುದರಿಂದ, ಕಾರು ಮೂರು ಗಂಟೆಯಾದರೂ ನಿಂತಿದ್ದ ಮೇಲೆ ಅಳೆದದ್ದೇ ಸರಿಯಾದ ಅಳತೆ.

ಉಳಿದ ದೂರುಗಳು ಸಣ್ಣವು. ಸದ್ದು ಬಹಳ, ಬೆಳಗಿನ ಜಾವ ಬಳಸುವಂತಿಲ್ಲ. ಹತ್ತು ನಿಮಿಷಕ್ಕೆ ಮೀರಿ ನಡೆಸಬಾರದೆಂದು ಕೈಪಿಡಿ ಹೇಳುತ್ತದೆ; ಎಂಟನೆಯ ನಿಮಿಷಕ್ಕೇ ಮೈ ಮುಟ್ಟಲಾಗದಷ್ಟು ಬಿಸಿಯಾಗುವುದರಿಂದ ಆ ಮಾತನ್ನು ಮೀರಲು ಮನಸ್ಸೂ ಬರುವುದಿಲ್ಲ. ತಂತಿ ಮೂರು ಮೀಟರ್ ಇದ್ದು, ಹಿಂದಿನ ಚಕ್ರಗಳಿಗೆ ಕಿಟಕಿಯ ಮೂಲಕ ಎಳೆದರೆ ಮಾತ್ರ ಸಾಲುತ್ತದೆ. ದೀಪವಿದೆ, ಆದರೆ ಅದು ವಾಲ್ವಿನ ಕಡೆಗಲ್ಲದೆ ಆಕಾಶದ ಕಡೆಗೆ ಬೆಳಕು ಬೀರುವ ಹಾಗೆ ಕೂರಿಸಿದ್ದಾರೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕದಲ್ಲಿ ಒಂದು ಪೂರ್ತಿಯಾಗಿ ಆ ಹಿಡಿಕೆಯ ನಾಝಲಿಗೆ ಸೇರಬೇಕು. ತಾನಾಗಿ ನಿಲ್ಲುವ ಸೌಕರ್ಯ, ಹಗುರವಾದ ಮೈ, ತಂತಿಯಿಲ್ಲದ ಅನುಕೂಲ ಇವು ಮುಖ್ಯವೆನಿಸುವವರಿಗೆ ಬ್ಯಾಟರಿ ಪಂಪೇ ಲೇಸು. ಟೈರು ಹಟ ಹಿಡಿದಾಗ ಕಾರಣವನ್ನು ತಾವೇ ಹುಡುಕಬೇಕೆನ್ನುವವರು ಮುಳ್ಳಿನ ಗೇಜು ಮತ್ತು ತಿರುಪಿನ ನಾಝಲ್ ಇರುವ ಇಂಥ ಪಂಪನ್ನು ಕೊಂಡು, ಜೊತೆಗೆ ವಾಲ್ವ್ ಪಿನ್ನಿನ ಕೀಲಿಯನ್ನೂ ನಾಲ್ಕು ಪಿನ್ನುಗಳನ್ನೂ ಪ್ರತ್ಯೇಕವಾಗಿ ಕೊಂಡಿಟ್ಟುಕೊಳ್ಳಬೇಕು. ನಾನು ಹಿಡಿಕೆಯ ನಾಝಲನ್ನು ಕತ್ತರಿಸಿ ತೆಗೆದು, ತಿರುಪಿನ ನಾಝಲನ್ನೇ ನಳಿಕೆಯ ತುದಿಗೆ ಕ್ಲಿಪ್ಪಿನಿಂದ ಬಿಗಿದಿದ್ದೇನೆ. ಕೀಲಿಯನ್ನು ಕಳೆದುಹೋಗದಂತೆ ದಾರದಲ್ಲಿ ಪಂಪಿನ ಹಿಡಿಗೇ ಕಟ್ಟಿದ್ದೇನೆ.